ಗಿಂಡಿಯ ತಳದಲ್ಲಿ ಉಳಿದ ದಾರಿ

ಕಾಲು ತುಳಿದು ಗಳಿಸಿದ್ದನ್ನೇ ಉಂಡು ರೈಲು ಓಡುವ ಕಾಲವೊಂದು ಬಂದಿತ್ತು. ಅದಕ್ಕೆ ಕಲ್ಲಿದ್ದಲು ಬೇಡ, ಎಣ್ಣೆ ಬೇಡ, ನೆತ್ತಿಯ ಮೇಲಿನ ತಂತಿಯೂ ಬೇಡ. ಎರೆಹೊಲಗಳ ಮೇಲಿನ ಮಂಜು ಏಳುವ ಮೊದಲೇ ಊರೂರಿನಿಂದ ಸೈಕಲ್ಲುಗಳು ಹೊರಟು, ಬಂಡಿದಾರಿ, ಕಾಲುದಾರಿ, ಬದುವಿನ ದಾರಿ ಎಲ್ಲವನ್ನೂ ಹಿಡಿದು, ಹಳ್ಳಗಳು ಹೊಳೆಗೆ ಸೇರುವ ಹಾಗೆ ಕಣವಿಹಾಳದ ಸ್ಟೇಶನ್ನಿಗೆ ಬಂದು ಸೇರುತ್ತಿದ್ದವು. ಪ್ರತಿ ಸೈಕಲ್ಲಿನ ಹಿಂದಿನ ಗಾಲಿಯ ನಡುವೆ ತೆಂಗಿನಕಾಯಿಯಷ್ಟು ದೊಡ್ಡದೊಂದು ಕರಿ ಪಾತ್ರೆ. ತುಳಿದ ಬಲದಲ್ಲಿ ಒಂದು ಪಾಲು ಗಾಲಿಯನ್ನು ಉರುಳಿಸಿದರೆ ಇನ್ನೊಂದು ಪಾಲು ಆ ಪಾತ್ರೆಯೊಳಗಿನ ಜೇಡಿಮಣ್ಣಿನಂಥ ವಸ್ತುವಿನಲ್ಲಿ ಇಳಿದು ಕೂತಿರುತ್ತಿತ್ತು. ಕಂಡುಹಿಡಿದವರು ಅದಕ್ಕೆ ಇಟ್ಟ ಹೆಸರನ್ನು ಒಂದೇ ಉಸಿರಿಗೆ ಹೇಳಿ ಮುಗಿಸಿದವರಿಲ್ಲ. ಜನ ಅದನ್ನು ಗಿಂಡಿ ಎಂದು ಕರೆದು ಸುಮ್ಮನಾದರು.

ರೈಲಿನೊಳಗೆ ಪ್ರತಿ ಸೀಟಿನ ಪಕ್ಕ ಒಂದು ಕೊಕ್ಕೆ. ಸೈಕಲ್ಲನ್ನು ಅದಕ್ಕೆ ತೂಗುಹಾಕಿ, ಗಿಂಡಿಯ ಬಾಯಿಗೆ ಕೊಳವೆ ಸಿಕ್ಕಿಸಿ, ಚಾವಿ ತಿರುವಿದರೆ ತಂದದ್ದೆಲ್ಲ ಡಬ್ಬಿಯ ಅಡಿಯ ದೊಡ್ಡ ಹಂಡೆಗೆ ಸುರಿದುಹೋಗುತ್ತಿತ್ತು. ಗಿಂಡಿಯ ಮೇಲಿನ ಹಸಿರು ದೀಪ ಸಣ್ಣಗಾಗುತ್ತ ಹೋಗುವುದು. ಹಂಡೆ ತುಂಬಿದ ಮೇಲೆ ರೈಲು ಒಮ್ಮೆ ಮೈ ಕೊಡವಿ ತೋರಣಪುರದ ಕಡೆ ಹೊರಡುವುದು. ಸಂಜೆಗೆ, ಪೇಟೆಯ ಕೆಲಸ ಮುಗಿಸಿದ ಮಂದಿ ಪೇಟೆಯ ಬೀದಿಗಳನ್ನೆಲ್ಲ ತುಳಿದು ಬಂದು ಅದನ್ನು ಹಾಗೆಯೇ ಊರಿಗೆ ಮರಳಿ ಕರೆತರುವರು.

ಇಂಥ ರೈಲುಗಳು ಆಗ ನಾಡಿನ ತುಂಬ ಇದ್ದವು. ಆದರೆ ಕಣವಿಹಾಳದ ರೈಲಿಗೆ ಬೇರೆ ಯಾವುದಕ್ಕೂ ಇಲ್ಲದ ಎರಡು ಗುಣ ಅಂಟಿಕೊಂಡಿದ್ದವು.

ಮೊದಲನೆಯದು ಎಲ್ಲರಿಗೂ ಕಾಣುವಂಥದ್ದು. ಕರೆವ್ವನ ದಿಬ್ಬದ ಏರು ಬಂತೆಂದರೆ ಅದಕ್ಕೆ ಏದುಸಿರು ಹತ್ತುತ್ತಿತ್ತು. ಹಂಡೆಯಲ್ಲಿ ಇರಬೇಕಾದಷ್ಟು ಇರುತ್ತಿರಲಿಲ್ಲ. ಆಗ ಗಂಡಸರೂ ಹೆಂಗಸರೂ ಇಳಿದು, ಅದರ ಜೋಡಿ ಮಾತಾಡುತ್ತ ದಿಬ್ಬ ಹತ್ತುವರು. ಟೇಲರ್ ಮೌಲಾಸಾಬ ಡಬ್ಬಿಯ ಬೆನ್ನು ಚಪ್ಪರಿಸಿ, "ಹೋ ನನ್ನ ರಾಜಾ, ಹೋ! ಇದೊಂದ ಏರು ಹತ್ತಿದಿ ಅಂದ್ರ ಸಂಜೀಗೆ ಹತ್ತಿಕಾಳ ಹಿಂಡಿ ಇಡ್ತೀನಿ" ಎಂದು ಎತ್ತಿಗೆ ಹೇಳಿದ ಹಾಗೆ ಹೇಳುವನು. ಬೆಣ್ಣೆ ಮಾರುವ ಬಸಲಿಂಗವ್ವ ಮಾತ್ರ ಇಳಿಯುತ್ತಿರಲಿಲ್ಲ. "ನಾ ಇಳಿದ್ರ ಅದು ಹಗುರಾಗಿ ಹಾರಿ ಹೋದೀತೋ ಎಪ್ಪಾ" ಎಂದು ಕಿಟಕಿಯಲ್ಲೇ ಕೂತು ನಗುವಳು.

ಎರಡನೆಯದನ್ನು ಹೊರಗಿನವರಿಗೆ ಯಾರೂ ಹೇಳಿರಲಿಲ್ಲ. ಹೇಳಬಾರದೆಂದಲ್ಲ, ದೇವರ ಕೊಡುಗೆಯನ್ನು ಡಂಗುರ ಹೊಡೆಯುವುದೇಕೆ ಎಂದು. ದಿಬ್ಬ ಇಳಿದು ಬಯಲಿಗೆ ಬಿದ್ದ ರೈಲು ಜೋಳದ ಹೊಲಗಳ ನಡುವೆ ಹೊರಟಾಗ ಕೂತವರ ಕಣ್ಣು ತಾವಾಗಿ ಮುಚ್ಚುತ್ತಿದ್ದವು. ಮುಚ್ಚಿದ ಕಣ್ಣೊಳಗೆ ಒಂದು ದಾರಿ ಬಿಚ್ಚಿಕೊಳ್ಳುತ್ತಿತ್ತು. ತಮ್ಮದಲ್ಲ, ಬೇರೆ ಯಾರದೋ ಮುಂಜಾನೆಯ ದಾರಿ. ಬಸಲಿಂಗವ್ವನಿಗೆ ಮೌಲಾಸಾಬನ ಊರ ಹೊರಗಿನ ಕುಸುಬಿ ಹೊಲ, ಅದರ ಬದುವಿನಲ್ಲಿ ಅಡ್ಡ ಹಾಯುವ ನವಿಲು. ನರ್ಸ್ ದಾಕ್ಷಾಯಣಿಗೆ ಬಸಲಿಂಗವ್ವನ ಓಣಿ, ಸಗಣಿ ಸಾರಿಸಿದ ಅಂಗಳದ ತಂಪು, ಅಲ್ಲಿಂದ ಕೆರೆ ಏರಿ. ಮೌಲಾಸಾಬನಿಗೆ ಕಾಲೇಜು ಹುಡುಗಿಯರು ಮೂವರು ಸಾಲಾಗಿ ಬರುವ, ರೆಕ್ಕೆ ತಿರುಗುವ ಗಾಳಿಗಂಬಗಳ ದಾರಿ. ಅಲ್ಲಿ ಗಾಳಿ ಎದುರು ಬೀಸಿ ಎದೆಯನ್ನು ಹಿಂದಕ್ಕೆ ನೂಕುವುದು.

"ನಿಮ್ಮ ಹಳ್ಳಕ್ಕ ನೀರ ಬಂದಾವಲ್ಲೋ ಮೌಲಾ, ಸೀರಿ ಎತ್ತಿ ದಾಟಿದೆ ನೋಡು" ಎಂದು ಬಸಲಿಂಗವ್ವ ಕಣ್ಣೊರೆಸಿಕೊಳ್ಳುತ್ತ ಹೇಳಿದರೆ, "ದಾಟಿದ್ದು ನಾನು, ಸೀರಿ ಎತ್ತಿದ್ದು ನೀನು, ಭಾಳ ಛಲೋ ಆತು" ಎಂದು ಅವನು.

ಶಿವಲೀಲಾ ದಿನವೂ ಅದೇ ರೈಲಿನಲ್ಲಿ ಹೋಗುವವಳು. ತೋರಣಪುರದ ಕಂಟ್ರೋಲ್ ರೂಮಿನಲ್ಲಿ ಅವಳ ಕೆಲಸ. ಯಾವ ರೈಲಿನ ಹಂಡೆಯಲ್ಲಿ ಎಷ್ಟು ತುಂಬಿತು, ಎಷ್ಟು ಖರ್ಚಾಯಿತು ಎಂದು ಪರದೆಯ ಮೇಲೆ ನೋಡುತ್ತ ಕೂರುವುದು. ಅವಳ ಸೈಕಲ್ಲಿನ ಹಿಂದೆ ಎರಡು ಗಾಲಿಯ ಸಣ್ಣ ಗಾಡಿ, ಗಾಡಿಯಲ್ಲಿ ಅವಳ ಗಂಡ ಮಲಕಾಜಪ್ಪ ಹೂಗಾರ.

ಮಲಕಾಜಪ್ಪ ಹಿಂದೆ ಹೊತ್ತು ಮೂಡುವ ಮುನ್ನ ಮನೆಮನೆಯ ದೇವರ ಜಗುಲಿಗೂ ಗುಡಿಗಳಿಗೂ ಹೂವು, ಬಿಲ್ವಪತ್ರಿ ಮುಟ್ಟಿಸುತ್ತಿದ್ದವನು. ಬುಟ್ಟಿ ಕಟ್ಟಿದ ಸೈಕಲ್ಲಿನ ಗಂಟೆ ಕೇಳಿಯೇ ಊರು ಏಳುತ್ತಿತ್ತು. ಒಂದು ಶ್ರಾವಣದಲ್ಲಿ ಪತ್ರಿ ಹರಿಯಲು ಏರಿದ ಬಿಲ್ವದ ಗಿಡದಿಂದ ಬಿದ್ದ. ಸೊಂಟದ ನರಕ್ಕೆ ಪೆಟ್ಟಾಯಿತು. ಅಂದಿನಿಂದ ಕಾಲು ಎರಡೂ ಅವನ ಮಾತು ಕೇಳಲಿಲ್ಲ. ದಿನವೂ ತೋರಣಪುರದ ಆಸ್ಪತ್ರೆಯಲ್ಲಿ ಕಾಲಿಗೆ ವ್ಯಾಯಾಮ ಮಾಡಿಸುವರು. ಅದು ಮುಗಿದ ಮೇಲೆ ಅಲ್ಲಿಯ ಕಟ್ಟೆಯ ಮೇಲೆ ಕೂತು ಹಾರ ಕಟ್ಟುತ್ತ ಹೆಂಡತಿಗೆ ಕಾಯುವನು. ಡಾಕ್ಟರು ನರ ಪೂರ್ತಿ ಹರಿದಿಲ್ಲ ಎಂದಿದ್ದರು. ಅದಕ್ಕಿಂತ ಹೆಚ್ಚು ಏನೂ ಹೇಳಿರಲಿಲ್ಲ.

ಆ ಸಲದ ಸೀಗಿ ಹುಣ್ಣಿಮೆ ಕಳೆದ ಮೇಲೆ ಒಂದು ಮುಂಜಾನೆ, ಎಲ್ಲರೂ ನಿದ್ದೆಯಲ್ಲಿದ್ದಾಗ, ದಾಕ್ಷಾಯಣಿ ಶಿವಲೀಲಾಳ ತೋಳು ಹಿಡಿದು ಅಲ್ಲಾಡಿಸಿದಳು.

"ಅಕ್ಕಾರ, ಏಳ್ರಿ. ಬಾಯಿ ತಗೀಬ್ಯಾಡ್ರಿ. ಅಣ್ಣಾರ ಕಾಲ ನೋಡ್ರಿ."

ಮಲಕಾಜಪ್ಪ ಕಿಟಕಿಗೆ ತಲೆ ಆನಿಸಿ ಮಲಗಿದ್ದ. ಹೊದ್ದ ಶಾಲಿನ ಅಡಿಯಲ್ಲಿ ಪಾದಗಳು ಆಡುತ್ತಿದ್ದವು. ಒಂದು ಕೆಳಗೆ ಇಳಿದರೆ ಇನ್ನೊಂದು ಮೇಲಕ್ಕೆ. ನೀರಿನೊಳಗಿನ ಮೀನು ಬಾಲ ಆಡಿಸುವ ಹಾಗೆ, ಸದ್ದಿಲ್ಲದೆ. ಅವನು ಯಾರದೋ ದಾರಿಯಲ್ಲಿ ಸೈಕಲ್ಲು ತುಳಿಯುತ್ತಿದ್ದ.

ಶಿವಲೀಲಾ ಸೆರಗಿನ ಚುಂಗು ಬಾಯಿಗೆ ಒತ್ತಿಕೊಂಡಳು. ತೋರಣಪುರ ಬರುವ ತನಕ ಅವಳು ರೆಪ್ಪೆ ಹಾಕಲಿಲ್ಲ. ಆಸ್ಪತ್ರೆಯಲ್ಲಿ ಹೇಳಿದಾಗ ಡಾಕ್ಟರು ಮರುದಿನ ತಾವೇ ರೈಲಿಗೆ ಬಂದು ನೋಡಿದರು. ನೋಡಿ, ಕನ್ನಡಕ ತೆಗೆದು, "ಇದು ನಿಲ್ಲಬಾರದು. ಹೀಗೇ ನಡೆದರೆ ಕಾಲು ಕಲಿತರೂ ಕಲಿಯಬಹುದು" ಎಂದರು.

*

ಕಾರ್ತಿಕದಲ್ಲಿ ರೈಲುಮಾರ್ಗದ ಆಡಳಿತದವರಿಂದ ಕಂಟ್ರೋಲ್ ರೂಮಿಗೆ ಹುಕುಂ ಬಂತು. ಕಣವಿಹಾಳದ ರೈಲು ದಿನವೂ ತಡವಾಗುತ್ತಿದೆ, ಅದರ ಹಿಂದೆ ಬೇರೆ ರೈಲುಗಳು ಕಾಯುತ್ತಿವೆ. ಸವಾರರು ತರುವ ಬಲ ಎಲ್ಲಿಯೋ ಸೋರುತ್ತಿದೆ. ಎಳ್ಳಮಾಸಿ ಅಮವಾಸ್ಯೆಯ ಒಳಗೆ ಸೋರಿಕೆ ಸಿಕ್ಕರೆ ಸರಿ. ಇಲ್ಲವಾದರೆ ಆ ರೈಲು ಬಂದ್.

ಬಂದ್ ಎಂದರೆ ಏನೆಂದು ಶಿವಲೀಲಾಳಿಗೆ ಯಾರೂ ಬಿಡಿಸಿ ಹೇಳಬೇಕಾಗಿರಲಿಲ್ಲ. ದಾಕ್ಷಾಯಣಿ ಆಸ್ಪತ್ರೆ ಬಿಡಬೇಕು, ಗಾಳಿಗಂಬದ ದಾರಿಯ ಹುಡುಗಿಯರು ಕಾಲೇಜು ಬಿಡಬೇಕು, ಬಸಲಿಂಗವ್ವನ ಬೆಣ್ಣೆ ಊರಲ್ಲೇ ಕರಗಬೇಕು. ಅವಳ ಗಂಡನ ಪಾದಗಳು ಶಾಲಿನ ಅಡಿಯಲ್ಲಿ ಸುಮ್ಮನಾಗಬೇಕು.

ಸೋರಿಕೆ ಹುಡುಕಲು ಧಾರವಾಡದ ಪ್ರಯೋಗಾಲಯದಿಂದ ಡಾಕ್ಟರ್ ಇಂದಿರಾ ಜಹಗೀರದಾರ ಬಂದರು. ಗಿಂಡಿಯೊಳಗಿನ ಜೇಡಿಯ ಬಗ್ಗೆ ಅವರಿಗಿಂತ ಹೆಚ್ಚು ತಿಳಿದವರು ಕಡಿಮೆ. ದಿನವಿಡೀ ಕೊಳವೆ, ಹಂಡೆ, ಗಾಲಿಯ ಅಚ್ಚು ಎಲ್ಲ ಬಿಚ್ಚಿ ನೋಡಿ, ಚಹಾದ ಕಪ್ಪು ಹಿಡಿದು ಪರದೆಯ ಮುಂದೆ ಕೂತರು.

"ವಿಚಿತ್ರ ಅದ ನೋಡು ಶಿವಲೀಲಾ. ಕೊಳವಿ ಗಟ್ಟಿ ಅದಾವ, ಹಂಡೆ ಗಟ್ಟಿ ಅದ. ಆದ್ರ ಎಲ್ಲಾರ ಗಿಂಡಿಯಿಂದನೂ ಚೂರು ಚೂರು ಕಡಿಮಿ ಬರ್ತದ. ಒಬ್ಬರದಲ್ಲ, ಎಲ್ಲಾರದೂ! ಇಡೀ ಊರಿಗೆ ಊರೇ ಸೋರ್ತದೇನು?"

ಮರುದಿನ ಮುಂಜಾನೆ ಶಿವಲೀಲಾ ಎಂದಿನಂತೆ ತನ್ನ ಸೈಕಲ್ಲು ತೂಗುಹಾಕಿ ಚಾವಿ ತಿರುವಿದಳು. ಹಸಿರು ದೀಪ ಸಣ್ಣಗಾಯಿತು, ಇನ್ನೂ ಸಣ್ಣಗಾಯಿತು, ಕುಸುಬಿ ಕಾಳಿನಷ್ಟಾಯಿತು. ಅದು ಆರುವ ಮೊದಲೇ ಅವಳ ಕೈ ತಾನಾಗಿ ಚಾವಿಯನ್ನು ಹಿಂದಕ್ಕೆ ತಿರುವಿತು.

ಅವಳು ತನ್ನ ಕೈಯನ್ನೇ ನೋಡುತ್ತ ನಿಂತಳು. ಯಾರು ಹೇಳಿದ್ದರು ಈ ಕೈಗೆ? ಯಾರೂ ಹೇಳಿರಲಿಲ್ಲ. ಜೋಳದ ಗಡಿಗೆಯ ತಳ ಒರೆಸಬಾರದು, ಒಂದು ಹಿಡಿ ಬಿಟ್ಟಿರಬೇಕು. ಎಣ್ಣೆಯ ಬುಡ್ಡಿಯನ್ನು ತಲೆಕೆಳಗು ಮಾಡಬಾರದು. ನೆರೆಮನೆಯವರು ಅರಿಸಿನ ಕೇಳಿ ಬಂದರೆ ಕರಡಿಗೆಯ ತಳ ಬಳಿದು ಕೊಡಬಾರದು. ತುಂಬಿದ್ದು ಪೂರ್ತಿ ಬರಿದಾದರೆ ಲಕ್ಷ್ಮಿಗೆ ಕೂರಲು ಜಾಗವೆಲ್ಲಿ ಎಂದು ಅವಳ ತವರಿನ ಅಜ್ಜಿ ಹೇಳುತ್ತಿದ್ದಳು. ಗಡಿಗೆಗೆ ಕಲಿತದ್ದನ್ನು ಕೈ ಗಿಂಡಿಗೂ ಮಾಡುತ್ತಿತ್ತು. ಅವಳು ತಲೆ ಎತ್ತಿ ಡಬ್ಬಿಯ ಉದ್ದಕ್ಕೂ ನೋಡಿದಳು. ಬಸಲಿಂಗವ್ವನ ಕೈ, ದಾಕ್ಷಾಯಣಿಯ ಕೈ, ಮೌಲಾಸಾಬನ ಕೈ ಎಲ್ಲವೂ ದೀಪ ಆರುವ ಗಳಿಗೆಗೆ ಸರಿಯಾಗಿ ಹಿಂದಕ್ಕೆ ಹೊರಳಿದವು. ಒಬ್ಬರೂ ಅತ್ತ ನೋಡಲಿಲ್ಲ. ಮಾತು ಮಾತಿನಂತೆಯೇ ನಡೆದಿತ್ತು. ಸಾಲುಸಾಲಾಗಿ ತೂಗುಬಿದ್ದ ಸೈಕಲ್ಲುಗಳಲ್ಲಿ ಕುಸುಬಿ ಕಾಳಿನಷ್ಟು ಹಸಿರು ದೀಪಗಳು, ಜಗುಲಿಯ ನಂದಾದೀಪದ ಹಾಗೆ, ಉಳಿದುಕೊಂಡಿದ್ದವು.

ಸೋರಿಕೆ ಸಿಕ್ಕಿತ್ತು. ಅವಳ ಎದೆ ಹಗುರಾಯಿತು. ಕಂಟ್ರೋಲ್ ರೂಮಿಗೆ ಹೋದವಳೇ ಹೇಳಿಬಿಡುವವಳಿದ್ದಳು. ಆದರೆ ಬಾಗಿಲ ಹತ್ತಿರ ಹೋಗುವಾಗ ಏನೋ ಒಂದು ಅಳುಕು ಸೆರಗು ಹಿಡಿದು ಜಗ್ಗಿತು. ಬಳಸಿ ಕೇಳಿದಳು.

"ಮೇಡಂ, ಗಿಂಡಿ ತಳದಾಗ ದಿನಾ ಸ್ವಲ್ಪ ಉಳಕೊಂಡ್ರ ಏನರ ಆಗ್ತದೇನ್ರಿ?"

"ಛಲೋ ಪ್ರಶ್ನಿ ಕೇಳಿದಿ" ಎಂದು ಡಾಕ್ಟರ್ ಜಹಗೀರದಾರ ಕುರ್ಚಿ ತಿರುಗಿಸಿದರು. "ನಿಮ್ಮ ಮನ್ಯಾಗ ಮೊಸರಿಗೆ ಹೆಪ್ಪು ಹೆಂಗ ಹಾಕ್ತಿ? ನಿನ್ನಿ ಮೊಸರು ಒಂದ ಚಮಚ ಉಳಿಸಿ, ಹೌದಲ್ಲ? ಇದೂ ಹಂಗ. ಜೇಡಿಯೊಳಗ ಕಣ್ಣಿಗೆ ಕಾಣದಂಥ ಸಣ್ಣ ಹರಳು ಅದಾವ. ಕಾಲು ಯಾವ ಲಯದಾಗ ತುಳೀತದೋ ಆ ಲಯಕ್ಕ ಅವು ಸಾಲು ಹಿಡದು ನಿಂದರ್ತಾವ. ಪೂರ್ತಿ ಬರಿದ ಮಾಡಿದ್ರ ಸಾಲು ಕೆಡ್ತದ, ಎಲ್ಲಾ ಮರೀತಾವ. ತಳದಾಗ ಉಳಿದ್ರ ನಿನ್ನಿ ಸಾಲು ಇವತ್ತಿನ ಬಲಕ್ಕ ಹೆಪ್ಪಾಗ್ತದ. ದಿನಾ ದಿನಾ ಗಟ್ಟಿ ಆಗ್ತದ, ಉಳಿದ ಬಲ ಮಾತ್ರ ರಾತ್ರಿ ಅದಕ್ಕ ಖರ್ಚಾಗಿ ಹೋಗ್ತದ. ಹಿಂಗ ಹೆಪ್ಪುಗಟ್ಟಿದ್ದು ಹಂಡೆಗೆ ಬಿದ್ರ ಆ ರೈಲಿನ ನಡುಕದೊಳಗ ಎಲ್ಲಾರ ತುಳಿತನೂ ಇರ್ತದ. ಕಿವಿಗೆ ಕೇಳಸೂದಿಲ್ಲ. ಮಲಗಿದವರ ಮೈಗೆ ತಾಗಬಹುದು. ನಾವು ಲ್ಯಾಬಿನೊಳಗ ಮಾಡಿ ನೋಡಬೇಕಂತಿದ್ವಿ, ಆಗಲಿಲ್ಲ. ಯಾರರ ವರ್ಷಾನುಗಟ್ಟಲೆ ತಳ ಬಿಟ್ಟು ಬಂದಿರಬೇಕು. ಅಂಥಾ ಶಾಣ್ಯಾರು ಎಲ್ಲಿ ಸಿಗಬೇಕು?"

ಅವರು ನಕ್ಕರು. ಶಿವಲೀಲಾ ನಗಲಿಲ್ಲ.

"ಮತ್ತ ಒಬ್ಬರದ ಗಿಂಡ್ಯಾಗ ಉಳಿದ್ರ ಸಾಕೇನ್ರಿ?"

"ಒಂದ ಚಮಚದಾಗ ಕೆರಿಗೆ ಹೆಪ್ಪು ಹಾಕ್ತಿಯೇನವಾ?"

ಅಂದು ಅವಳು ಹೇಳಲಿಲ್ಲ. ಮರುದಿನವೂ ಹೇಳಲಿಲ್ಲ. ಧಾರವಾಡಕ್ಕೆ ಮರಳಿದ ಡಾಕ್ಟರ್ ಜಹಗೀರದಾರ ಫೋನು ಮಾಡಿ ಕೇಳಿದಾಗಲೆಲ್ಲ "ಇನ್ನೂ ಹುಡುಕಾಕತ್ತೇನ್ರಿ" ಎಂದಳು. ದಿನವೂ ರೈಲಿನಲ್ಲಿ ಗಂಡನ ಎದುರು ಕೂತು ಶಾಲಿನ ಅಡಿಯ ಆ ಎರಡು ಮೀನುಗಳನ್ನು ನೋಡುವಳು. ಅವು ದಿನದಿಂದ ದಿನಕ್ಕೆ ಗಟ್ಟಿಯಾಗಿ ಆಡುತ್ತಿದ್ದವು. ಒಂದು ದಿನ ಮೊಣಕಾಲೂ ಸಣ್ಣಗೆ ಎದ್ದಿತು. ಇನ್ನು ಸ್ವಲ್ಪ ದಿನ, ಮಲ್ಲಯ್ಯಾ, ಇನ್ನು ಸ್ವಲ್ಪ ದಿನ ಎಂದು ಅವಳು ಮನಸ್ಸಿನಲ್ಲೇ ಕೈ ಮುಗಿಯುವಳು. ಅತ್ತ ರೈಲು ದಿಬ್ಬದಲ್ಲಿ ಇನ್ನೂ ತಡವಾಗುತ್ತಿತ್ತು. ದಾಕ್ಷಾಯಣಿ ಆಸ್ಪತ್ರೆ ಮುಟ್ಟುವುದರೊಳಗೆ ಒಂದು ಹೆರಿಗೆ ಆಗಿಹೋಗಿ, ದೊಡ್ಡ ಸಿಸ್ಟರ್ ಕೈಲಿ ಎಲ್ಲರೆದುರು ಬೈಸಿಕೊಂಡು ಬಂದಳು. ಕಾಲೇಜು ಹುಡುಗಿಯರು ಪರೀಕ್ಷೆಯ ದಿನ ದಿಬ್ಬದಿಂದ ಇಳಿದು, ರೈಲನ್ನು ಬಿಟ್ಟು, ತಮ್ಮ ಸೈಕಲ್ಲಿನಲ್ಲೇ ತೋರಣಪುರದ ತನಕ ಅಳುತ್ತ ತುಳಿದರು. ಶಿವಲೀಲಾಳಿಗೆ ಅವರ ಮುಖ ನೋಡುವುದಾಗಲಿಲ್ಲ.

*

ಅಂದು ಸಂಜೆ ಅವಳು ರೊಟ್ಟಿ ಬಡಿಯುತ್ತಿದ್ದಳು. ಮಲಕಾಜಪ್ಪ ಒಲೆಯ ಹತ್ತಿರ ಗೋಡೆಗೆ ಆತು ಕೂತು ಮರುದಿನದ ಪತ್ರಿಯನ್ನು ಮೂರೆಲೆ ಮೂರೆಲೆಯಾಗಿ ಆರಿಸುತ್ತಿದ್ದ. ರೊಟ್ಟಿ ಹರಿಯಿತು. ಮತ್ತೊಂದೂ ಹರಿಯಿತು.

"ಹಿಟ್ಟು ಸಿಟ್ಟಾಗೇತೋ, ನೀನೋ?" ಎಂದ ಅವನು.

"ಹಿಟ್ಟು ಹಳೇದೈತ್ರಿ."

"ಮೊನ್ನಿ ಬೀಸಿದ ಹಿಟ್ಟು ಹಳೇದಾತು. ಹಂಗಾದ್ರ ನಾ ಯಾವ ಕಾಲದವ ಆಗಬೇಕು? ಏನ ಮುಚ್ಚಿಟ್ಟಿ ಹೇಳು. ಎಂಟ ದಿನದಿಂದ ಜಗುಲಿ ಮುಂದ ನಿಂತ್ರ ಕಣ್ಣ ಮುಚ್ಚವಲ್ಲಿ. ಅಲ್ಲಿ ಕುಂತ ಲಿಂಗಯ್ಯನ ಮಾರಿ ನೋಡಾಕ ಅಂಜಾಕತ್ತಿ."

ಶಿವಲೀಲಾ ಹಂಚು ಇಳಿಸಿದಳು. ಮೊದಲು ಅತ್ತಳು, ಆಮೇಲೆ ಎಲ್ಲ ಹೇಳಿದಳು. ಕೈ ಹಿಂದಕ್ಕೆ ಹೊರಳುವುದು, ತಳದಲ್ಲಿ ಉಳಿಯುವುದು, ಅದು ಹೆಪ್ಪಾಗುವುದು, ಕನಸು ಬರುವುದು, ಅವನ ಕಾಲು ಆಡುವುದು, ಎಳ್ಳಮಾಸಿಗೆ ರೈಲು ನಿಲ್ಲುವುದು. ಅವನು ಒಂದು ಎಲೆಯನ್ನೂ ಕೆಳಗಿಡದೆ ಕೇಳಿದ.

"ಹೌದೇನು, ನನ್ನ ಕಾಲು ಅಷ್ಟು ಛಲೋ ತುಳೀತಾವೇನು?" ಎಂದ ಮೊದಲು. ಅವನಿಗೆ ನಗು ಬಂದಿತ್ತು. "ನನಗ ಒಳಗ ಗಾಳಿ ಅಷ್ಟ ಗೊತ್ತಾಗ್ತದ. ಎದುರ ಗಾಳಿ, ಬೆನ್ನಿನ ಗಾಳಿ. ನಿನ್ನಿ ಮೌಲಾನ ಬದುವಿನ ದಾರ್ಯಾಗಿದ್ದೆ. ಅವ ಅಲ್ಲಿ ಬ್ರೇಕ ಹಿಡ್ಯಾಂಗಿಲ್ಲ ನೋಡು, ಹುಂಬ."

ಆಮೇಲೆ ನಗು ಹೋಯಿತು.

"ನಾ ಪತ್ರಿ ಹರಿಯೂವಾಗ ಗಿಡಕ್ಕ ಕೇಳಿ ಹರೀತಿದ್ದೆ. ಕೈ ಮುಗದು, ತಗೋತೀನಪ್ಪಾ ಅಂತ ಹೇಳಿ, ಆಮ್ಯಾಲ ಕೈ ಚಾಚತಿದ್ದೆ. ಗಿಡ ಏನ ಹೂಂ ಅಂತಿತ್ತೇನು? ಆದ್ರೂ ಕೇಳಬೇಕು. ನೀ ಅಷ್ಟು ಮಂದೀದು ತಗೋಳಾಕತ್ತಿ. ಒಬ್ಬರ್ನರ ಕೇಳಿದಿ?"

"ಕೇಳಿದ್ರ ಅವರು ಚಾವಿ ಪೂರ್ತಿ ತಿರುವತಾರ್ರಿ! ತಿರುವಬೇಕಾಗ್ತೈತಿ. ಆಮ್ಯಾಲ ನಿಮ್ಮ ಕಾಲು?"

"ನನ್ನ ಕಾಲು ನನ್ನ ಗಾಡ್ಯಾಗ ಇರ್ತಾವ. ಎಲ್ಲಿಗೂ ಓಡಿ ಹೋಗೂದಿಲ್ಲಲ್ಲ" ಎಂದು ಅವನು ಎಲೆಗಳನ್ನು ಬಟ್ಟೆಯಲ್ಲಿ ಸುತ್ತಿದ. "ಆ ಹುಡುಗ್ಯಾರು ಅಳಕೋತ ಹೋದ್ರಲ್ಲ, ಅವತ್ತ ನಾ ಗಾಳಿಗಂಬದ ದಾರಿ ಕನಸ ಕಂಡಿದ್ದೆ. ಭಾಳ ಚಂದ ಇತ್ತು."

*

ಮರುದಿನ ಮುಂಜಾನೆ, ಯಾರೂ ಚಾವಿಗೆ ಕೈ ಹಾಕುವ ಮೊದಲು, ಶಿವಲೀಲಾ ಡಬ್ಬಿಯ ನಡುವೆ ನಿಂತು ಹೇಳಿದಳು. ತನ್ನ ಗಂಡನ ಕಾಲಿನ ಆಸೆಗೆ ಸುಮ್ಮನಿದ್ದದ್ದನ್ನೂ ಬಿಡಲಿಲ್ಲ.

ದಾಕ್ಷಾಯಣಿ ಮೊದಲು ಬಾಯಿ ತೆರೆದಳು. "ಮೊದಲ ನೋಡಿದಾಕಿ ನಾನು. ನಂಗರ ಹೇಳಬೇಕಿತ್ರಿ ಅಕ್ಕಾರ. ಬೈಸಿಕೊಳ್ಳೂದಾದ್ರೂ ತಿಳದು ಬೈಸಿಕೋತಿದ್ದೆ."

"ಇನ್ನೊಂದಿಷ್ಟು ಹೆಚ್ಚಿಗಿ ತುಳದು ಬಂದ್ರ ಆಗೂದಿಲ್ಲೇನು? ಉಳಸೂದೂ ಉಳಸೂದು, ತುಂಬೂದೂ ತುಂಬೂದು" ಎಂದ ಮೌಲಾಸಾಬ.

"ನಾ ಎಲ್ಲಿಂದ ತುಳೀಲೋ?" ಎಂದಳು ಬಸಲಿಂಗವ್ವ. "ಈಗ ಬರೂದ್ರಾಗ ಮಣಕಾಲು ಕಟಕಟ ಅಂತಾವ."

ಹುಡುಗಿಯರು ಒಬ್ಬರನ್ನೊಬ್ಬರು ನೋಡಿಕೊಂಡರು. ಅವರ ದಾರಿ ಈಗಲೇ ಎಲ್ಲರಿಗಿಂತ ಉದ್ದ. ಆಗ ಕಿಟಕಿಯ ಬಳಿಯಿಂದ ಮಲಕಾಜಪ್ಪ ಕೂಗಿದ: "ಏ ಮೌಲಾ, ಮುಹೂರ್ತ ಕೇಳಾಕತ್ತಿಯೇನು? ತಿರುವೋ ಚಾವಿ. ಇಷ್ಟು ದಿನ ನಿಮ್ಮ ಪುಗಸಟ್ಟೆ ದಾರ್ಯಾಗ ಅಡ್ಡಾಡೀನಿ, ಅದಕ್ಕ ಶರಣು. ತಿರುವು."

ಚಾವಿಗಳು ತಿರುಗಿದವು. ಕೈಗಳು ಅಭ್ಯಾಸಬಲದಿಂದ ಹಿಂದಕ್ಕೆ ಎಳೆದವು, ಹಿಡಿದು ನಿಲ್ಲಿಸಬೇಕಾಯಿತು. ಬಸಲಿಂಗವ್ವನಿಗೆ ಆಗಲೇ ಇಲ್ಲ. "ನನ್ನ ಕೈಲೆ ಬರಿದ ಮಾಡಸಬ್ಯಾಡ್ರೋ" ಎಂದು ಮುಖ ತಿರುಗಿಸಿದಳು. ಮೌಲಾಸಾಬ ಎದ್ದು ಹೋಗಿ, "ಆ ಪಾಪ ನನಗಿರಲಿ ಬಿಡವ್ವ" ಎಂದು ಅವಳ ಚಾವಿ ತಿರುವಿದ. ಹಸಿರು ದೀಪಗಳು ಒಂದೊಂದಾಗಿ ಆರಿದವು. ಶಿವಲೀಲಾ ತನ್ನದನ್ನು ಕೊನೆಗೆ ತಿರುವಿದಳು.

ಅಂದು ರೈಲು ಕರೆವ್ವನ ದಿಬ್ಬವನ್ನು ಒಂದೇ ಉಸಿರಿಗೆ ಏರಿತು. ಯಾರೂ ಇಳಿಯಬೇಕಾಗಲಿಲ್ಲ. ಇಳಿಜಾರು ಬಂತು, ಜೋಳದ ಹೊಲಗಳು ಬಂದವು. ಯಾರಿಗೂ ನಿದ್ದೆ ಬರಲಿಲ್ಲ. ಹೊಸ ಮನೆಗೆ ಬಂದ ನೆಂಟರ ಹಾಗೆ ಎಲ್ಲರೂ ಬೆನ್ನು ನೆಟ್ಟಗೆ ಮಾಡಿ ಕೂತಿದ್ದರು. ಮಲಕಾಜಪ್ಪನ ಪಾದಗಳು ಗಾಡಿಯ ಹಲಗೆಯ ಮೇಲೆ ಇಟ್ಟ ಹಾಗೆಯೇ ಇದ್ದವು.

ಕಂಟ್ರೋಲ್ ರೂಮಿನ ಪರದೆಯ ಮೇಲೆ ಕಣವಿಹಾಳದ ಗೆರೆ ಕೊರತೆಯಿಲ್ಲದೆ ನಿಂತಿತು. ಡಾಕ್ಟರ್ ಜಹಗೀರದಾರರಿಗೆ ಫೋನು ಮಾಡಿ ಶಿವಲೀಲಾ ಎಲ್ಲ ಹೇಳಿದಳು, ಮುಚ್ಚಿಟ್ಟದ್ದನ್ನೂ ಸೇರಿಸಿ.

"ಅಂದ್ರ ಆ ಶಾಣ್ಯಾರು ನೀವ ಏನು!" ಎಂದರು ಅವರು. ದನಿ ಹಿಗ್ಗಿತ್ತು, ಹಾಗೆಯೇ ಕುಗ್ಗಿತು. "ಎಲ್ಲಾ ಬರಿದ ಮಾಡಿದ್ರೇನು? ಒಂದೂ ಉಳೀಲಿಲ್ಲೇನು? ಮತ್ತ ಹೆಪ್ಪುಗಟ್ಟಾಕ ವರ್ಷಗಳು ಬೇಕು. ಮತ್ತ ತಳ ಬಿಟ್ರ ರೈಲು ಆ ದಿಬ್ಬ ಹತ್ತೂದೂ ಇಲ್ಲ. ನಾ ಬ್ಯಾರೆ ಹಾದಿ ಹುಡುಕತೇನಿ ತಂಗಿ. ಆದ್ರ ಸಿಕ್ಕೇ ಸಿಗತದ ಅಂತ ಸುಳ್ಳ ಹೇಳೂದಿಲ್ಲ."

ಮನೆಯಲ್ಲಿ ಅವಳು ದಿನವೂ ಗಂಡನ ಕಾಲಿಗೆ ಎಣ್ಣೆ ತಿಕ್ಕುವಳು. ಕಾಲು ಬಾಗಿಲಿಗೆ ತಂದು ಹಾಕಿದ ಕಟ್ಟಿಗೆಯ ಹಾಗೆ ತಣ್ಣಗಿರುತ್ತಿತ್ತು. ಅವನು ಅವಳನ್ನು ಒಂದು ಮಾತೂ ಅನ್ನಲಿಲ್ಲ, ಅವಳೂ ಅವನನ್ನು ಅನ್ನಲಿಲ್ಲ. ಜಗುಲಿಯ ಮುಂದೆ ಮಾತ್ರ ಈಗ ಕಣ್ಣು ಮುಚ್ಚುವುದಾಗುತ್ತಿತ್ತು. ಆದರೆ ಮುಚ್ಚಿದಾಗ ಏನು ಬೇಡಬೇಕೆಂದು ತಿಳಿಯುತ್ತಿರಲಿಲ್ಲ.

*

ರೈಲಿನಲ್ಲಿ ಬೇಸರ ಬೆಳೆಯಿತು. ಎಚ್ಚರವಾಗಿರುವುದು ಆ ಮಂದಿಗೆ ಅಭ್ಯಾಸವಿರಲಿಲ್ಲ. ಎಳ್ಳಮಾಸಿ ಮುಗಿದು, ಹೊಲಕ್ಕೆ ನೈವೇದ್ಯದ ಚರಗ ಚೆಲ್ಲಿ ಬಂದ ಮರುದಿನ ಬಸಲಿಂಗವ್ವ ತಡೆಯಲಾರದೆ ಕೇಳಿದಳು: "ಮೌಲಾ, ಆ ನವಿಲು ಇನ್ನೂ ಬರ್ತದೇನೋ? ಭಾಳ ದಿನಾತು, ನೋಡಿಲ್ಲ."

"ಇವತ್ತ ಬಂದಿತ್ತು ಯವ್ವಾ. ಬಾಲ ಉದರಸ್ಯಾದ. ನೋಡಾಕ ಬೋಳ ಗುರುವಿನಂಗ ಆಗೇತಿ."

"ಹಂಗಲ್ಲ, ಮೊದಲಿಂದ ಹೇಳು. ಮನಿ ಬಿಟ್ಟಲ್ಲಿಂದ."

ಮೌಲಾಸಾಬ ಮೊದಲಿಂದ ಹೇಳಿದ. ಬಾಗಿಲು ಎಳೆದುಕೊಂಡದ್ದು, ಮಸೀದಿಯ ಮೂಲೆ, ಕುಸುಬಿ ಹೊಲ, ಬದು. ಹೇಳುತ್ತ ಹೇಳುತ್ತ ಅವನ ಹಿಮ್ಮಡಿ ನೆಲ ಕುಟ್ಟತೊಡಗಿತು. ಏರು ಬಂದಲ್ಲಿ ಮಾತೂ ನಿಧಾನ, ಹಿಮ್ಮಡಿಯೂ ನಿಧಾನ. ಇಳಿಜಾರಿನಲ್ಲಿ ಎರಡೂ ಓಡಿದವು. ಡಬ್ಬಿಯಲ್ಲಿದ್ದವರೆಲ್ಲ ಕತ್ತು ಚಾಚಿ ಕೇಳಿದರು. ಮುಗಿದಾಗ ದಾಕ್ಷಾಯಣಿ ಅವನನ್ನು ಎಬ್ಬಿಸಿ ಮಲಕಾಜಪ್ಪನ ಪಕ್ಕದಲ್ಲಿ ಕೂರಿಸಿದಳು. "ಇಲ್ಲಿ ಕುಂತು ಹೇಳ್ರಿ ನಾಳೆಯಿಂದ" ಎಂದಳು. ಯಾಕೆಂದು ಅವಳೂ ಹೇಳಲಿಲ್ಲ, ಯಾರೂ ಕೇಳಲೂ ಇಲ್ಲ.

ಅಲ್ಲಿಂದ ಅದೊಂದು ಪಾಳಿಯಾಯಿತು. ಇಂದು ಬಸಲಿಂಗವ್ವನ ಕೆರೆ ಏರಿ, ನಾಳೆ ಗಾಳಿಗಂಬ, ನಾಡಿದ್ದು ದಾಕ್ಷಾಯಣಿಯ ಹಾಳು ಬಾವಿಯ ಅಡ್ಡದಾರಿ. ಹೇಳುವವರು ಮಲಕಾಜಪ್ಪನಿಗೆ ಮೊಣಕಾಲು ತಾಗಿಸಿ ಕೂತು, ಪಾದ ಕುಟ್ಟುತ್ತ, ದೇವರಿಗೆ ಪ್ರದಕ್ಷಿಣೆ ಬಂದ ಹಾಗೆ ತಮ್ಮ ದಾರಿಯನ್ನು ಒಂದು ಸುತ್ತು ಹೇಳಿ ಎದ್ದು ಹೋಗುವರು. ಅವನು ಕಣ್ಣು ಬಿಟ್ಟುಕೊಂಡೇ ಕೇಳುವನು, ಕೈಯಲ್ಲಿ ಹಾರ ಕಟ್ಟುತ್ತ. ಶಿವಲೀಲಾ ಆಸೆ ಇಟ್ಟುಕೊಳ್ಳಲಿಲ್ಲ. ಕೇಳಲು ಹಿತವಾಗಿತ್ತು, ಅಷ್ಟೇ ಸಾಕು ಎಂದುಕೊಂಡಳು.

ಮಾಘ ಹತ್ತಿರ ಬಂದಾಗ ಒಂದು ಬೆಳಗ್ಗೆ ಅವನ ಬಲಪಾದದ ಬೆರಳುಗಳು ಬಸಲಿಂಗವ್ವನ ಹಿಮ್ಮಡಿಗೆ ಸರಿಯಾಗಿ ಅದುರಿದವು. ಕೆಲವು ದಿನಕ್ಕೆ ಎಡಗಡೆಯೂ. ಮಲಕಾಜಪ್ಪ ಅವನ್ನು ಬೇರೆಯವರ ಮನೆಯ ಮಕ್ಕಳನ್ನು ನೋಡುವ ಹಾಗೆ ನೋಡುತ್ತಿದ್ದ.

"ತಾವ ಹೊಂಟಾವ ನೋಡು. ನನ್ನ ಒಂದ ಮಾತ ಕೇಳವಲ್ವು" ಎಂದ ಹೆಂಡತಿಗೆ. "ನಿಲ್ಲಂದ್ರ ನಿಲ್ಲಾಂಗಿಲ್ಲ, ಹೋಗಂದ್ರ ಹೋಗಾಂಗಿಲ್ಲ. ಮಾತು ಕೇಳಿ ಕುಣಿಯಾಕತ್ತಾವ ಅಷ್ಟ. ಕುಣೀಲಿ ಬಿಡು."

ಡಾಕ್ಟರ್ ಜಹಗೀರದಾರ ಒಮ್ಮೆ ಈ ರೈಲನ್ನು ನೋಡಲೆಂದೇ ಧಾರವಾಡದಿಂದ ಬಂದರು. ಒಂದು ಪೆಟ್ಟಿಗೆ ತುಂಬ ಉಪಕರಣ ತಂದಿದ್ದರು. ಅದನ್ನು ತೆರೆಯಲು ಮರೆತು, ಮೂಲೆಯಲ್ಲಿ ಕೂತು ಪುರಾಣ ಕೇಳುವವರ ಹಾಗೆ ಕೇಳುತ್ತಿದ್ದರು. ಅಂದು ಮೌಲಾಸಾಬನ ಪಾಳಿ. ಹೊರಗಿನವರು ಬಂದಿದ್ದಾರೆಂದು ಅವನಿಗೆ ಹುರುಪು ಹೆಚ್ಚಾಗಿತ್ತು.

"ಮಸೂತಿ ಮೂಲಿ ದಾಟಿದೆ, ಕುಸುಬಿ ಹೊಲ ಬಂತು, ಹೂ ಬಿಟ್ಟೇತಿ, ಕೆಂಪಗ ಕೆಂಡದಂಗ ಐತಿ. ಬದು ಹತ್ತಿದೆ. ಇನ್ನ ಇಳಕಲಾ! ಬಿಟ್ಟೆ ನೋಡ್ರಿ ಮೇಡಂ, ಗಾಳಿ ಅಂದ್ರ ಗಾಳಿ, ಅಂಗಿ ಬೆನ್ನಿಗೆ ಉಬ್ಬೇತಿ, ಸೀದಾ ಹಳ್ಳದ ದಂಡಿಗೆ..."

ಅವನ ಹಿಮ್ಮಡಿ ನೆಲದ ಮೇಲೆ ಓಡುತ್ತಿತ್ತು. ಅದರ ಜೋಡಿ ಮಲಕಾಜಪ್ಪನ ಎರಡು ಪಾದಗಳೂ ಹಲಗೆಯ ಮೇಲೆ ಓಡುತ್ತಿದ್ದವು, ಬಲ ಎಡ, ಬಲ ಎಡ.

"ನಿಂದರು!" ಎಂದ ಮಲಕಾಜಪ್ಪ.

ಮೌಲಾಸಾಬ ಬೆಚ್ಚಿ ಬಾಯಿ ಮುಚ್ಚಿದ. ಆದರೆ ಅವನ ಹಿಮ್ಮಡಿ ಓಡುತ್ತಲೇ ಇತ್ತು, ಇಳಿಜಾರಿನ ಭರಕ್ಕೆ. ಮಲಕಾಜಪ್ಪನ ಪಾದಗಳು ನಿಂತಿದ್ದವು. ಬಲಗಾಲು ಕೆಳಗೆ, ಎಡಗಾಲು ಮೇಲೆ, ಅರ್ಧಕ್ಕೆ ಹಿಡಿದ ಪೆಡಲಿನ ಮೇಲೆ ಇಟ್ಟ ಹಾಗೆ.

"ಅಲ್ಲೊಂದು ತಿರುವ ಬಿಟ್ಟಿ. ಬದು ಇಳದ ಮ್ಯಾಲ ಜಾಲಿಗಿಡ ಐತಿ, ಅಲ್ಲಿ ಎಡಕ್ಕ ಹೊಳ್ಳಬೇಕು. ಸೀದಾ ಹೋದಿ ಅಂದ್ರ ಹಳ್ಳದಾಗ ಬೀಳ್ತಿ, ನನ್ನೂ ಕೆಡವತಿ."

"ಹೌದಲ್ಲೋ ಅಣ್ಣಾ!" ಎಂದು ಮೌಲಾಸಾಬ ಹಣೆ ಬಡಿದುಕೊಂಡ.

ಬಸಲಿಂಗವ್ವ ಬೆಣ್ಣೆಯ ಗಡಿಗೆಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡಳು. ಡಾಕ್ಟರ್ ಜಹಗೀರದಾರ ಎದ್ದು ನಿಂತಿದ್ದರು. ಶಿವಲೀಲಾ ಕುಳಿತಲ್ಲಿಂದ ಅಲುಗಲಿಲ್ಲ. ಮೇಲೆ ನಿಂತಿದ್ದ ಆ ಎಡಪಾದವನ್ನೇ ನೋಡುತ್ತಿದ್ದಳು. ಅದು ಸಣ್ಣಗೆ ನಡುಗುತ್ತಿತ್ತು. ಆದರೂ ಬೀಳದೆ, ತನ್ನ ಯಜಮಾನನಿಗೆ ಕಾಯುತ್ತಿತ್ತು.

ಮಲಕಾಜಪ್ಪ ಹಾರದ ದಾರವನ್ನು ಹಲ್ಲಲ್ಲಿ ಕಚ್ಚಿ ಗಂಟು ಬಿಗಿದ. ಆಮೇಲೆ ಹೇಳಿದ.

"ಹೂಂ. ಜಾಲಿಗಿಡದ ತನಕ ಹೊಳ್ಳಿ ಬಾ. ನಾ ಇಲ್ಲೇ ನಿಂತೀನಿ."